ಹೊಳೆವ್ವನ ಕಷಾಯಕ್ಕೆ ನಾನು ಬೆರೆಸಿದ್ದು

ನನ್ನ ಬಾಯಿ ಜೋರು. ಶಿಗ್ಗಾಂವ ಬಸ್ ಸ್ಟ್ಯಾಂಡಿನ ಎದುರಿಗೆ ಇಪ್ಪತ್ತಾರು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಸುಶೀಲವ್ವನ ಬಾಯಿಗೆ ಹೆದರದ ಕಂಡಕ್ಟರ್ ಈ ರಸ್ತೆಯಲ್ಲೇ ಇಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಂಥ ಬಾಯಿಯವಳು ಇವತ್ತು ಪೆನ್ನು ಹಿಡಿದು ಕೂತಿದ್ದೇನೆ, ಯಾಕೆಂದರೆ ಈ ಮಾತನ್ನು ಯಾರ ಮುಖ ನೋಡಿಯೂ ಹೇಳಲಿಕ್ಕೆ ನನ್ನಿಂದ ಆಗಿಲ್ಲ. ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನ ಬಲಗೈ ಮುರಿಯಲು ಕಾರಣ ನಾನು. ಅವಳಿಗೆ ಇದು ಗೊತ್ತಿಲ್ಲ. ಗೊತ್ತಿದೆ ಎಂದು ಅವಳು ತಿಳಿದಿದ್ದಾಳೆ, ಅದು ಇನ್ನೂ ಕೆಟ್ಟದ್ದು.

ಹೊಳೆವ್ವ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವಳು. ಒಂಬತ್ತನೆಯ ವಯಸ್ಸಿಗೇ ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳಂತೆ. ಅವರವ್ವ ಹೊಲದ ಕೆಲಸಕ್ಕೆ, ಇವಳು ಒಲೆಯ ಕೆಲಸಕ್ಕೆ. ಹಾನಗಲ್ ಕಡೆಯ ಲಕ್ಷ್ಮಪ್ಪನಿಗೆ ಕೊಟ್ಟರು. ಅವನು ಟ್ರ್ಯಾಕ್ಟರ್ ಅಡಿ ಸಿಕ್ಕು ಸತ್ತಾಗ ಮಗಳು ಸವಿತಾಗೆ ಮೂರು ವರ್ಷ. ಗಂಡನ ಮನೆಯವರ ಮಾತು ಕೇಳಿ ಕೇಳಿ ಬೇಸತ್ತು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶಿಗ್ಗಾಂವಕ್ಕೆ ಬಂದು, ನಮ್ಮಲ್ಲಿ ಪಾತ್ರೆ ತಿಕ್ಕಲು ಸೇರಿದಳು.

ಒಂದು ದಿನ ರೊಟ್ಟಿ ಬಡಿಯುವವಳು ಬರಲಿಲ್ಲ. ಹೊರಗೆ ಹದಿನೈದು ಜನ ತಾಟು ಮುಂದಿಟ್ಟುಕೊಂಡು ಕೂತಿದ್ದಾರೆ. ಹೊಳೆವ್ವ ಕೈ ಒರೆಸಿಕೊಂಡು ಬಂದು ಒಲೆಯ ಮುಂದೆ ಕೂತಳು. "ನಿನಗ ಬರ್ತೈತೇನ ಬೇ?" ಎಂದೆ ನಾನು, ಸಿಟ್ಟಿನಲ್ಲೇ.

"ತಿಂದು ನೋಡ್ರಿ ಅಕ್ಕಾರ" ಎಂದಳು.

ಅವತ್ತು ತಿಂದವರು ಇನ್ನೂ ಬರುತ್ತಿದ್ದಾರೆ. ಹಾಳೆಯಂಥ ಜೋಳದ ರೊಟ್ಟಿ, ಅಂಚು ಎಲ್ಲೂ ಸೀಳುತ್ತಿರಲಿಲ್ಲ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ "ಉಬ್ಬು ನಮ್ಮವ್ವಾ, ಉಬ್ಬು" ಎಂದು ರಮಿಸುತ್ತಿದ್ದಳು, ಅದು ಉಬ್ಬುತ್ತಿತ್ತು. ನಾನು ಬಡಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, "ಅಕ್ಕಾರ, ಇದನ್ನ ತಿಂದ್ರ ಹಲ್ಲಿನ ಡಾಕ್ಟರಗ ಲಾಭ ನೋಡ್ರಿ" ಎನ್ನುವಳು. ನನಗೆ ಹಾಗೆ ಅನ್ನುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ಹೀಗೆ ಇಪ್ಪತ್ತೊಂದು ವರ್ಷ. ಆ ಒಲೆಯ ಮುಂದೆ ಕೂತೇ ಸವಿತಾಳನ್ನು ಓದಿಸಿದಳು, ಹಾನಗಲ್ಲಿಗೆ ಮದುವೆ ಮಾಡಿ ಕೊಟ್ಟಳು. ಅಳಿಯ ಆನಂದ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಒಳ್ಳೆಯ ಹುಡುಗ.

ಅವಳಿಗಿದ್ದ ಚಟ ಒಂದೇ, ಚಹಾ. ಬೆಳಿಗ್ಗೆ ಏಳಕ್ಕೆ ಮೊದಲ ಲೋಟ, ಸಂಜೆಯೊಳಗೆ ಏಳೆಂಟು. ನಮ್ಮಲ್ಲಿ ಕೆಲಸದವರ ಚಹಾ ನಾನೇ ಸೋಸಿ ಕೊಡುವುದು ಮೊದಲಿನಿಂದಲೂ ಪದ್ಧತಿ. ಎಲ್ಲರಿಗೂ ಸಣ್ಣ ಲೋಟ, ಹೊಳೆವ್ವನಿಗೆ ಮಾತ್ರ ನೀರು ಕುಡಿಯುವ ಲೋಟದ ತುಂಬ. ತರಕಾರಿ ಹೆಚ್ಚುವ ಶೇಖವ್ವ ಮುಖ ಊದಿಸಿಕೊಂಡರೆ, "ಇಂಜಿನ್ನಿಗೆ ಡೀಜಲ್ ಹಾಕಬೇಕಲ್ಲ ಬೇ" ಎನ್ನುತ್ತಿದ್ದೆ.

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ, ಹೊಳೆವ್ವನ ಬಲಪಕ್ಕೆಗೆ ಸರ್ಪಸುತ್ತು ಎದ್ದಿತು. ಎದೆಯ ಕೆಳಗಿನಿಂದ ಬೆನ್ನಿನವರೆಗೆ ಪಟ್ಟಿ ಹಿಡಿದಂತೆ ಗುಳ್ಳೆ. ಶೇಖವ್ವ ಕೆಮ್ಮಣ್ಣು ಹಚ್ಚಿದಳು, ಯಾರೋ ಮಂತ್ರ ಹಾಕಿದರು. ಗುಳ್ಳೆ ಒಣಗಿದವು, ನೋವು ಒಣಗಲಿಲ್ಲ. ಮೂರು ತಿಂಗಳಾದರೂ ಕುಪ್ಪಸದ ಬಟ್ಟೆ ತಾಗಿದರೆ ಕೆಂಡ ಇಟ್ಟಂತೆ ಬೆಚ್ಚುವಳು. ರೊಟ್ಟಿಗೆ ಒಂದು ಪೆಟ್ಟು ಹಾಕಿದರೆ ಪಕ್ಕೆಗೆ ಹತ್ತು ಪೆಟ್ಟು ಬೀಳುತ್ತವೆ ಎನ್ನುತ್ತಿದ್ದಳು. ಆದರೂ ಬಡಿಯುವುದು ಬಿಡಲಿಲ್ಲ. ನಾನೂ ಬಿಡು ಎನ್ನಲಿಲ್ಲ.

ಕೊನೆಗೆ ನಾನೇ ಅವಳನ್ನು ಸವಣೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಮುಬಶೀರ ಎಂಬ ಡಾಕ್ಟರ್, ನೋವಿನ ಚಿಕಿತ್ಸೆಯನ್ನೇ ಓದಿ ಬಂದವರು, ಸಣ್ಣ ವಯಸ್ಸು, ಮಾತು ನಿಧಾನ. ಹುಣ್ಣು ಮಾಯ್ದ ಮೇಲೂ ನೋವು ಯಾಕೆ ಎಂದು ನಾನು ಕೇಳಿದೆ.

"ಹುಣ್ಣು ಮಾಯ್ದೇತ್ರಿ. ಆದ್ರ ಒಳಗಿನ ನರ ಸುಟ್ಟೇತಿ. ಅದು ಸುಳ್ಳ ಸುಳ್ಳ ಬೆಂಕಿ ಬಿದ್ದೇತಿ ಅಂತ ಬೆನ್ನುಹುರಿಗೆ ಫೋನ್ ಮಾಡಾಕತ್ತೇತಿ" ಎಂದರು. "ಬೆನ್ನುಹುರ್ಯಾಗ ನೋವು ತಡಿಯೋ ವ್ಯವಸ್ಥಾನೂ ಐತ್ರಿ. ಮಿದುಳು ಮ್ಯಾಲಿಂದ ನಾರ್‌ಅಡ್ರಿನಲಿನ್ ಅನ್ನೋದನ್ನ ಇಳಿಸಿ, ಸಾಕು, ಸುಮ್ನಿರು ಅಂತ ಆ ನರಕ್ಕ ಗದರಸ್ತೈತಿ. ಆದ್ರ ಅದು ಭಾಳ ಹೊತ್ತು ನಿಲ್ಲೂದಿಲ್ಲ. ಈ ಸಣ್ಣ ಗುಳಗಿ ಅದನ್ನ ಅಲ್ಲೇ ನಿಲ್ಲಸ್ತೈತಿ."

ಗುಳಿಗೆಯ ಹೆಸರು ಅಮಿಟ್ರಿಪ್ಟಿಲಿನ್. ಹೊಳೆವ್ವ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟ ಸಣ್ಣದು ಇಷ್ಟು ದೊಡ್ಡ ಕೆಲಸ ಮಾಡ್ತೈತೇನ್ರಿ?" ಎಂದಳು.

"ಅದೊಂದ ಮಾಡೂದಿಲ್ರಿ ಅವ್ವಾರ. ಅಡಿನೊಸಿನ್ ಅಂತ ಇನ್ನೊಂದೈತಿ. ಅದೂ ಬೆನ್ನುಹುರ್ಯಾಗ ತನ್ನ ಸೀಟಿನ ಮ್ಯಾಲೆ ಕುಂತು ನೋವಿನ ಗದ್ದಲ ಇಳಸ್ತೈತಿ. ಈ ಗುಳಗಿಗೆ ಅದರ ಕೈನೂ ಬೇಕು. ನೀವು ಚಾ ಎಷ್ಟು ಕುಡೀತೀರಿ?"

ಹೊಳೆವ್ವ ನನ್ನ ಮುಖ ನೋಡಿದಳು. "ಏಳೆಂಟು ಲೋಟ" ಎಂದೆ ನಾನು.

"ಚಾದಾಗ ಕೆಫೀನ್ ಇರ್ತೈತ್ರಿ. ಬಸ್ಸಿನ ಕಿಡಕ್ಯಾಗಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಂಗ ಅದು ಬಂದು ಅಡಿನೊಸಿನ್ ಸೀಟು ಹಿಡದು ಕುಂದರ್ತೈತಿ. ಆಮ್ಯಾಲೆ ಗುಳಗಿ ಅರ್ಧಾ ಕೆಲಸಾನೂ ಮಾಡಲಿಕ್ಕಿಲ್ಲ. ಇದನ್ನ ಇಲಿಗಳ ಮ್ಯಾಲೆ ನೋಡ್ಯಾರ, ಮನಷ್ಯಾರಾಗ ಇನ್ನೂ ಪಕ್ಕಾ ಆಗಿಲ್ಲ. ಆದ್ರ ನೀವು ಕುಡಿಯೂದು ಭಾಳ ಆತು. ಪೂರ್ತಿ ಬಿಟ್ಟು ನೋಡೋಣು."

ಟವೆಲಿನ ಮಾತಿಗೆ ಹೊಳೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬಂಕಾಪುರದ ಕಡೆ ಹೊಲ ನೋಡುತ್ತ, "ಗಂಡ ಸತ್ತಾಗೂ ಚಾ ಬಿಟ್ಟಿದ್ದಿಲ್ರಿ ಅಕ್ಕಾರ" ಎಂದಳು.

ಆದರೆ ಬಿಟ್ಟಳು. ಮೊದಲ ವಾರ ತಲೆಶೂಲೆಯಿಂದ ಒದ್ದಾಡಿದಳು. ಚಹಾದ ಬದಲು ನಾನು ಶುಂಠಿ, ಜೀರಿಗೆ, ಕೊತ್ತಂಬರಿ ಬೀಜ ಕುದಿಸಿ, ಬೆಲ್ಲ ಹಾಲು ಹಾಕಿ ಕಷಾಯ ಮಾಡಿ ಕೊಡುತ್ತಿದ್ದೆ. ಮೂರನೆಯ ವಾರಕ್ಕೆ ಒಂದು ಮುಂಜಾನೆ ಬಂದವಳೇ ಸೆರಗು ಸರಿಸಿ ನಿಂತು, "ನೋಡ್ರಿ" ಎಂದಳು. ನೋವಿಗೆ ಇಷ್ಟು ದಿನ ಬಿಚ್ಚಿಡುತ್ತಿದ್ದ ಕುಪ್ಪಸದ ಕೆಳಗಿನ ಗುಂಡಿಗಳನ್ನೂ ಹಾಕಿಕೊಂಡಿದ್ದಳು. ಎಷ್ಟೋ ತಿಂಗಳ ಮೇಲೆ ಹೊರಳಿ ಮಲಗಿದ್ದೆ ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಎರಡು ದಿನ ಸಂತೋಷವಾಯಿತು.

ಯಾಕೆಂದರೆ ಆ ಗುಳಿಗೆ ನಿದ್ದೆ ತರುತ್ತಿತ್ತು. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಹತ್ತರವರೆಗೆ ಮಂಪರು. ಕೆಲವು ವಾರಕ್ಕೆ ಮೈಗೆ ಹೊಂದುತ್ತದೆ, ಸಂಜೆ ಬೇಗ ತಗೊಳ್ಳಿ ಎಂದು ಡಾಕ್ಟರ್ ಹೇಳಿದ್ದರು. ಕೆಲವು ವಾರ ಕಾಯುವ ಹೆಂಗಸು ನಾನಲ್ಲ. ಸಂತೆಯ ದಿನ ಬೆಂಚು ಎಲ್ಲ ತುಂಬಿವೆ, ಪಲ್ಯ ಆರುತ್ತಿದೆ, ಹೊಳೆವ್ವ ಹಿಟ್ಟಿನ ಮುಂದೆ ಕೂತು ತೂಕಡಿಸುತ್ತಿದ್ದಾಳೆ. ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಕಾಳಿನ ಅಂಗಡಿಯ ಕರೀಮಸಾಬ ಎದ್ದು ನಿಂತು, "ಅವ್ವಾರ, ನಿಮ್ಮ ರೊಟ್ಟಿ ಬರೂದ್ರಾಗ ಬಸ್ ಪುಣೆ ಮುಟ್ತೈತಿ" ಎಂದು ನಗುತ್ತಲೇ ಹೋಗಿಬಿಟ್ಟ. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಒಳಗೆ ಹೋಗಿ ಹೊಳೆವ್ವನಿಗೆ ಬಾಯಿಗೆ ಬಂದಂತೆ ಬೈದೆ. ಅವಳು ಮುಖಕ್ಕೆ ನೀರು ಚಿಮುಕಿಸಿಕೊಂಡು ಬಂದು ಮತ್ತೆ ಬಡಿಯಲು ಕೂತಳು. ಬೇರೆ ಯಾರನ್ನಾದರೂ ಒಂದು ತಿಂಗಳು ಕರೆಸಬಹುದಿತ್ತು. ಆದರೆ ಸುಶೀಲವ್ವನ ಖಾನಾವಳಿಯ ರೊಟ್ಟಿ ಕೆಟ್ಟಿತು ಎಂದು ಒಬ್ಬರೂ ಅನ್ನಬಾರದು. ಅದು ನನ್ನ ಸೊಕ್ಕು.

ಮರುದಿನ ಬೆಳಿಗ್ಗೆ ಕಷಾಯ ಸೋಸುವಾಗ ಪಕ್ಕದ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಹಾಲು ಹಾಕದ ಕಪ್ಪು ಚಹಾ. ಎರಡು ಚಮಚ ತೆಗೆದು ಹೊಳೆವ್ವನ ಲೋಟಕ್ಕೆ ಹಾಕಿದೆ. ಶುಂಠಿ ಬೆಲ್ಲದಲ್ಲಿ ಬಣ್ಣವೂ ಗೊತ್ತಾಗಲಿಲ್ಲ. ಡಾಕ್ಟರ್ ಹೇಳಿದ್ದು ಕಿವಿಯಲ್ಲೇ ಇತ್ತು, ಆ ಟವೆಲಿನ ಮಾತೂ ನೆನಪಿತ್ತು. ಇಲಿಗಳ ಲೆಕ್ಕ ಹೊಳೆವ್ವನಿಗೆ ಯಾಕೆ, ಎರಡೇ ಚಮಚ, ಏನು ಮಹಾ ಆಗುತ್ತದೆ ಎಂದುಕೊಂಡೆ. ಅವಳು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು, ನನ್ನ ಕಡೆ ನೋಡಿದಳು, ಇನ್ನೊಂದು ಗುಟುಕು ಕುಡಿದಳು. ಅವತ್ತು ಹನ್ನೊಂದಕ್ಕೆಲ್ಲ ರೊಟ್ಟಿಯ ಬುಟ್ಟಿ ತುಂಬಿತ್ತು.

ಎರಡು ಚಮಚ ನಾಲ್ಕಾಯಿತು. ಬರುಬರುತ್ತ ಅರ್ಧ ಲೋಟ ಚಹಾ, ಅರ್ಧ ಕಷಾಯ, ಅದೂ ದಿನಕ್ಕೆ ನಾಲ್ಕು ಸಲ. ಹೊಳೆವ್ವ ಚುರುಕಾದಳು, ರೊಟ್ಟಿಯನ್ನು ರಮಿಸತೊಡಗಿದಳು. ಎರಡನೆಯ ವಾರಕ್ಕೆ ಬಲಗೈ ಎತ್ತುವಾಗ ಹಲ್ಲು ಕಚ್ಚುವುದನ್ನು ಕಂಡೆ. ಮೂರನೆಯ ವಾರಕ್ಕೆ ಕುಪ್ಪಸದ ಕೆಳಗಿನ ಎರಡು ಗುಂಡಿ ಮತ್ತೆ ಬಿಚ್ಚಿದ್ದವು. ಕಂಡೂ ಕಾಣದವಳಂತೆ ಇದ್ದೆ. ನಾಳೆಯಿಂದ ನಿಲ್ಲಿಸುತ್ತೇನೆ ಎಂದುಕೊಳ್ಳುವುದು, ನಾಳೆ ಯಾರದೋ ಮದುವೆಗೆ ಇನ್ನೂರು ರೊಟ್ಟಿ ಹೇಳಿರುವುದು. ಹೀಗೆ ಎಷ್ಟು ನಾಳೆಗಳು ಹೋದವೋ.

ಅವಳೇ ಸವಣೂರಿಗೆ ಹೋಗೋಣ ಎಂದಳು. ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು. "ಅವ್ವಾರ, ಚಾ ಪೂರ್ತಿ ಬಿಟ್ಟೀರಿಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನೇ ಸೆರಗಿಗೆ ಹೋಯಿತು. ಆದರೆ ಅವರು ನೋಡುತ್ತಿದ್ದದ್ದು ಹೊಳೆವ್ವನನ್ನು.

"ಬಿಟ್ಟೇನ್ರಿ" ಎಂದಳು ಅವಳು.

ನಾನು ಅಲ್ಲೇ ಪಕ್ಕದ ಕುರ್ಚಿಯಲ್ಲಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗೋಡೆಯ ಮೇಲಿನ ಬೆನ್ನೆಲುಬಿನ ಚಿತ್ರ ನೋಡುತ್ತ ಕೂತೆ. ಡಾಕ್ಟರ್, ಹಾಗಾದರೆ ಈ ಪ್ರಮಾಣ ಸಾಲುತ್ತಿಲ್ಲ ಎಂದು ಗುಳಿಗೆ ಹೆಚ್ಚಿಸಿದರು. ತಲೆ ತಿರುಗಬಹುದು, ಹಾಸಿಗೆಯಿಂದ ಒಮ್ಮೆಲೇ ಏಳಬೇಡಿ, ಎರಡು ನಿಮಿಷ ಕೂತು ಆಮೇಲೆ ಏಳಿ ಎಂದು ಎರಡು ಸಲ ಹೇಳಿದರು. ಹೊಳೆವ್ವ ತಲೆಯಾಡಿಸಿದಳು.

ಆರನೆಯ ದಿನ ಮುಂಜಾನೆ ಅವಳು ಕೆಲಸಕ್ಕೆ ಬರಲಿಲ್ಲ. ಹಾಸಿಗೆಯಿಂದ ಎದ್ದವಳು ಬಚ್ಚಲ ಹೊಸ್ತಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಬಲಗೈ ಊರಿದ್ದಳು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಸವಿತಾ ಬಂದು ಅವ್ವನನ್ನು ಹಾನಗಲ್ಲಿಗೆ ಕರೆದುಕೊಂಡು ಹೋದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಸೊಟ್ಟಗೆ ಕೂಡಿದೆ, ಹಿಟ್ಟು ನಾದಲೂ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದಳು.

ನಾನು ಒಬ್ಬಳೇ ಸವಣೂರಿಗೆ ಹೋದೆ. ಡಾಕ್ಟರ್ ಮುಂದೆ ಎಲ್ಲ ಹೇಳಿಬಿಟ್ಟೆ, ಚಮಚದ ಲೆಕ್ಕ ಸಮೇತ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. "ಚಾದಿಂದನ ನೋವು ತಿರುಗಿ ಬಂತು ಅಂತ ಆಣಿ ಮಾಡಿ ಹೇಳಾಕ ಆಗೂದಿಲ್ರಿ" ಎಂದರು. "ಆದ್ರ ಅವತ್ತು ನನಗ ಗೊತ್ತಿದ್ರ ನಾನು ಗುಳಗಿ ಹೆಚ್ಚು ಮಾಡ್ತಿದ್ದಿಲ್ಲ."

ಅವರು ಇನ್ನೂ ಹೇಳಿದರು: ಹೊಳೆವ್ವ ಈಗ ಗುಳಿಗೆಯನ್ನೇ ಬಿಟ್ಟಿದ್ದಾಳೆ, ಮಗಳು ಮುಟ್ಟಲು ಬಿಡುತ್ತಿಲ್ಲ, ಅವಳೇ ಫೋನ್ ಮಾಡಿ ಹಾಗೆಂದು ತಿಳಿಸಿದ್ದಾಳೆ. ಮೊದಲಿನ ಸಣ್ಣ ಪ್ರಮಾಣವೇ ಅವಳಿಗೆ ಸಾಕಾಗಿತ್ತು, ಆದರೆ ಗುಳಿಗೆಯದೇ ತಪ್ಪು ಎಂದು ಅವರು ನಂಬಿರುವವರೆಗೆ ಆ ನೋವು ಹಾಗೇ ಇರುತ್ತದೆ. "ಅದನ್ನ ನೀವ ಹೋಗಿ ಹೇಳಬೇಕ್ರಿ. ನಾ ಹೇಳಿದ್ರ, ಡಾಕ್ಟರ್ ತಮ್ಮ ತಪ್ಪು ಮುಚ್ಚಿಕೊಳ್ಳಾಕ ಹೇಳ್ತಾರ ಅಂತಾರ" ಎಂದರು.

ಅದಾದ ಮೇಲೂ ಹಾನಗಲ್ ಬಸ್ ಹತ್ತಲು ನನಗೆ ಒಂಬತ್ತು ದಿನ ಬೇಕಾದವು.

ಸವಿತಾಳ ಮನೆ ತಹಶೀಲ್ದಾರ ಕಚೇರಿಯ ಹಿಂದಿನ ಓಣಿಯಲ್ಲಿ. ಹೊಳೆವ್ವ ಪಡಸಾಲೆಯಲ್ಲಿ ಗೋಡೆಗೆ ಎಡಗಡೆ ಮಾತ್ರ ಒರಗಿ ಕೂತಿದ್ದಳು. ಬಲಪಕ್ಕೆಯ ಮೇಲೆ ಒದ್ದೆ ಬಟ್ಟೆ. ಎಡಗೈಯೊಂದರಲ್ಲೇ ಬೆಳ್ಳುಳ್ಳಿ ಸುಲಿಯಲು ನೋಡುತ್ತಿದ್ದಳು, ಎಸಳು ಜಾರಿ ಜಾರಿ ಬೀಳುತ್ತಿತ್ತು. ನನ್ನನ್ನು ಕಂಡು ಏಳಲು ಹೋದಳು. "ಕುಂದ್ರು ಬೇ" ಎಂದು ಗದರಿದೆ, ದನಿ ಮಾತ್ರ ನನ್ನದಲ್ಲದಂತೆ ಬಂತು.

"ಆ ಗುಳಗಿ ಹೆಸರು ತಗೀಬ್ಯಾಡ್ರಿ ಅತ್ತ್ಯಾರ" ಎಂದಳು ಸವಿತಾ, ನಾನು ವಿಷಯ ತೆಗೆಯುವ ಮೊದಲೇ. ಸಣ್ಣವಳಿದ್ದಾಗಿನಿಂದ ಅವಳು ನನ್ನನ್ನು ಕರೆಯುವುದು ಹಾಗೆ. "ಅದ ನಮ್ಮವ್ವನ ಕೈ ಮುರದಿದ್ದು." ಹಾಗೆ ಹೇಳಿ, ಬಂದವರಿಗೆ ಚಹಾ ಇಡಲು ಒಳಗೆ ಹೋದಳು.

ನಾನು ಹೊಳೆವ್ವನ ಹತ್ತಿರ ಸರಿದು ಕೂತೆ. ಸೊಟ್ಟಗಾದ ಆ ಕೈ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. "ಹೊಳೆವ್ವ, ಆ ಕಷಾಯದಾಗ ನಾನು..." ಎಂದೆ.

"ಚಾ ಹಾಕ್ತಿದ್ರಿ. ಗೊತ್ತೈತ್ರಿ" ಎಂದಳು.

"ಯಾವಾಗ ಗೊತ್ತಾತ ಬೇ?" ಎಂದೆ.

"ಮೊದಲನೇ ಗುಟುಕಿಗೇ ಗೊತ್ತಾತ್ರಿ ಅಕ್ಕಾರ. ಹುಟ್ಟಿದಾಗಿಂದ ಚಾ ಕುಡದ ನಾಲಿಗಿ."

"ಮತ್ಯಾಕ ಕುಡದಿ?"

"ನೀವು ಕೊಟ್ರಲ್ರಿ" ಎಂದು ಸಣ್ಣಗೆ ನಕ್ಕಳು. "ಚಾ ಬಿಟ್ಟು ನಾನು ಬಾಡಿ ಹೋಗಿದ್ನಿ. ಅದನ್ನ ನೋಡಲಾರದ, ಯಾರಿಗೂ ಗೊತ್ತಾಗಲಾರದಂಗ ಒಂದೀಟು ಹಾಕಿ ಕೊಡಾಕತ್ತಾರ ಅಂತ ತಿಳ್ಕೊಂಡ್ನಿ. ನಮ್ಮವ್ವ ಹೋದ ಮ್ಯಾಲೆ ನನಗ ಹಂಗ ಕದ್ದು ಕೊಟ್ಟವ್ರು ಯಾರೂ ಇಲ್ರಿ. ಬ್ಯಾಡ ಅನ್ನಾಕ ಮನಸ ಆಗಲಿಲ್ಲ. ಡಾಕ್ಟರ್ ಮುಂದ ಸುಳ್ಳು ಹೇಳಿದ್ದೂ ಅದಕ್ಕರಿ. ನಿಮಗ ಎಲ್ಲಿ ಬೈತಾರೋ ಅಂತ."

ನಾನು ಬಾಯಿ ತೆರೆದೆ. ಪ್ರೀತಿಯಿಂದಲ್ಲ ಹೊಳೆವ್ವ, ರೊಟ್ಟಿಯ ಸಲುವಾಗಿ ಹಾಕಿದೆ, ನೀನು ತೂಕಡಿಸುತ್ತೀ ಎಂದು ಹಾಕಿದೆ. ಇಷ್ಟೇ ಹೇಳಬೇಕಾಗಿದ್ದದ್ದು. ಅವಳ ಮುಖ ನೋಡಿದೆ. ಆ ಮುಖದಲ್ಲಿ ಎಳ್ಳುಕಾಳಷ್ಟೂ ಸಂಶಯವಿರಲಿಲ್ಲ. ಅಷ್ಟರಲ್ಲಿ ಸವಿತಾ ಚಹಾದ ಲೋಟ ಹಿಡಿದು ಬಂದಳು.

"ಸವಿತಾ, ಗುಳಗಿದೇನೂ ತಪ್ಪಿಲ್ಲ ಬೇ" ಎಂದಳು ಹೊಳೆವ್ವ. "ಅಕ್ಕಾರು ಅದನ್ನ ಹೇಳಾಕ ಬಂದಾರ. ಡಾಕ್ಟರ್ ಚಾ ಬಿಡು ಅಂದಿದ್ರು, ನಾನು ಕದ್ದು ಕುಡೀತಿದ್ನಿ. ಅಕ್ಕಾರು ಎಷ್ಟು ಬೈದ್ರೂ ಕೇಳಲಿಲ್ಲ. ಅದಕ್ಕ ಗುಳಗಿ ಹತ್ತಲಿಲ್ಲ, ಅದಕ್ಕ ಅವರು ಹೆಚ್ಚು ಮಾಡಿದ್ರು."

ಸವಿತಾ ನನ್ನ ಕಡೆ ತಿರುಗಿದಳು. "ಖರೇ ಏನ್ರಿ ಅತ್ತ್ಯಾರ?"

ಹೊಳೆವ್ವ ಎಡಗೈಯಿಂದ ನನ್ನ ಸೆರಗು ಸಣ್ಣಗೆ ಜಗ್ಗಿದಳು. ನಾನು ತಲೆ ತಗ್ಗಿಸಿ ಚಹಾದ ಲೋಟ ಕೈಗೆ ತೆಗೆದುಕೊಂಡೆ. ಸವಿತಾ ಅದನ್ನು ಹೌದು ಎಂದು ತಿಳಿದಳು.

ಆಮೇಲೆ ಅವಳು ತಾಯಿಗೆ ಬೈಯತೊಡಗಿದಳು. ನಾಚಿಕೆ ಇಲ್ಲವೇನು, ನಾಲಿಗೆಯ ಆಸೆಗೆ ಕೈ ಕಳಕೊಂಡೆಯಲ್ಲ, ನಾನು ಎರಡು ತಿಂಗಳು ನಿನಗೆ ನೀರು ಕಾಯಿಸಿ ಹಾಕಿದ್ದು ಈ ಸುಖಕ್ಕೇ ಏನು ಎಂದು ಅಳುತ್ತ ಬೈದಳು. ಹೊಳೆವ್ವ ತಲೆ ಬಗ್ಗಿಸಿ, "ತಪ್ಪಾತು ಬೇ, ತಪ್ಪಾತು" ಎನ್ನುತ್ತಿದ್ದಳು. ನಾನು ಕೂತು ಎಲ್ಲ ಕೇಳಿದೆ. ಲೋಟ ಖಾಲಿ ಮಾಡಿದೆ. ಐದು ಗಂಟೆಯ ಬಸ್ಸಿಗೆ ಶಿಗ್ಗಾಂವಕ್ಕೆ ಬಂದೆ.

ಹೊಳೆವ್ವ ಈಗ ಮೊದಲಿನ ಸಣ್ಣ ಗುಳಿಗೆಯನ್ನೇ ತೆಗೆದುಕೊಳ್ಳುತ್ತಾಳೆ. ಮಗಳು ಮನೆಯಲ್ಲಿ ಚಹಾಪುಡಿಯನ್ನು ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಾಳಂತೆ. ನೋವು ಪೂರ್ತಿ ಹೋಗಿಲ್ಲ, ಆದರೆ ರೂಪಾಯಿಯಲ್ಲಿ ನಾಲ್ಕಾಣೆ ಉಳಿದಿದೆ ಎನ್ನುತ್ತಾಳೆ. ಹೊರಳಿ ಮಲಗುತ್ತಾಳೆ, ಕುಪ್ಪಸ ಹಾಕಿಕೊಳ್ಳುತ್ತಾಳೆ. ರೊಟ್ಟಿ ಬಡಿಯುವ ಮಾತು ಎತ್ತುವುದಿಲ್ಲ. ನಮ್ಮಲ್ಲಿ ಈಗ ರೊಟ್ಟಿ ಮಷೀನ್ ಬಂದಿದೆ.

ಸವಿತಾ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಹೋದ ವಾರವೂ ಮಾಡಿದ್ದಳು. "ಅವತ್ತು ನೀವು ಬಂದು ನಮ್ಮವ್ವನ ಬಾಯಿ ಬಿಡಸಲಿಲ್ಲಂದ್ರ ಆಕಿ ಇನ್ನೂ ಹಂಗ ನರಳತಿದ್ಲು ನೋಡ್ರಿ ಅತ್ತ್ಯಾರ. ನಿಮ್ಮ ಉಪಕಾರ ಮರಿಯಾಂಗಿಲ್ಲ" ಎಂದಳು.

"ಇರ್ಲಿ ಬಿಡವ್ವ, ಅದರಾಗೇನೈತಿ" ಎಂದೆ ನಾನು.